ಕಾಲುವೆಯಲ್ಲಿ ಏಳುನೂರು ಶಾರ್ಕ್

ಪೆಸಿಫಿಕ್ ಸಾಗರದ ನಡುವೆ, ತಹೀತಿಯಿಂದ ಈಶಾನ್ಯಕ್ಕೆ ಸುಮಾರು 450 ಕಿ.ಮೀ. ದೂರದಲ್ಲಿ ಫಕರಾವ ಎಂಬ ಹವಳದ್ವೀಪವಿದೆ. ದ್ವೀಪ ಎಂದಾಗ ಕಣ್ಣ ಮುಂದೆ ಬರುವ ಗುಡ್ಡ, ಕಾಡು, ತೊರೆ ಯಾವುದೂ ಅಲ್ಲಿಲ್ಲ. ಸುಮಾರು 60 ಕಿ.ಮೀ. ಉದ್ದ, 20 ಕಿ.ಮೀ.ಗೂ ಮಿಕ್ಕ ಅಗಲದ ಒಂದು ಹವಳದ ಚೌಕಟ್ಟು, ಅದರೊಳಗೆ 1,100 ಚದರ ಕಿ.ಮೀ. ತಿಳಿನೀರು. ಚೌಕಟ್ಟಿನ ಮೇಲೆ ಅಲ್ಲಲ್ಲಿ ತೆಂಗು ಬೆಳೆದ ನೆಲದ ಪಟ್ಟಿ, ಅಲ್ಲಿ ವಾಸ ಮಾಡುವವರು ಸಾವಿರಕ್ಕೂ ಕಡಿಮೆ ಜನ. ಹೊರಗಿನ ಸಾಗರ ಒಳಗೆ ಬರಲು ದೊಡ್ಡ ಬಾಗಿಲುಗಳು ಎರಡೇ. ಉತ್ತರದ್ದು ಒಂದೂವರೆ ಕಿ.ಮೀ.ಯಷ್ಟು ಅಗಲ. ದಕ್ಷಿಣದ್ದು ಇಕ್ಕಟ್ಟಾದ ಕಾಲುವೆ, ತುಮಾಕೊಹುವಾ ಎಂದು ಅದರ ಹೆಸರು. ಈ ಇಕ್ಕಟ್ಟಾದ ಕಾಲುವೆಯಲ್ಲಿ ಸುಮಾರು 700 ಶಾರ್ಕ್‌ಗಳು ಸೇರುತ್ತವೆ.

ರಜೆಗೆ ಮಾಲ್ದೀವ್ಸ್‌ಗೋ ಅಂಡಮಾನಿಗೋ ಹೋದವರು ಒಂದು ಶಾರ್ಕ್ ಕಂಡರೆ ವರ್ಷಗಟ್ಟಲೆ ಅದನ್ನೇ ಹೇಳುತ್ತಾರೆ. ಮಾಸ್ಕ್ ಹಾಕಿ ನೀರಿಗೆ ಮುಖವಿಟ್ಟಾಗ ದೂರದಲ್ಲೊಂದು ಬೂದು ನೆರಳು ಸುಳಿದು ಮರೆಯಾದರೂ ಸಾಕು, ಜೀವ ಬಾಯಿಗೆ ಬರುತ್ತದೆ. ಫಕರಾವದಲ್ಲಿ ಲೆಕ್ಕವೇ ಬೇರೆ. ಉಬ್ಬರ ಶುರುವಾಗುವ ಹೊತ್ತಿಗೆ ದೋಣಿಯವರು ಸ್ನಾರ್ಕೆಲಿಂಗ್ ಮಾಡುವವರನ್ನು ಕಾಲುವೆಯ ಸಮುದ್ರದ ಬದಿಗೆ ಒಯ್ದು ನೀರಿಗಿಳಿಸುತ್ತಾರೆ. ಕೈಕಾಲು ಬಡಿಯುವ ಕೆಲಸವಿಲ್ಲ, ಒಳಕ್ಕೆ ನುಗ್ಗುವ ಸೆಳೆತವೇ ಹೊತ್ತುಕೊಂಡು ಹೋಗುತ್ತದೆ. ಆ ಹೊತ್ತಿನಲ್ಲಿ ಬರುವುದು ತೆರೆದ ಸಾಗರದ ನೀರು, ತಳದವರೆಗೂ ತಿಳಿ. ಕಣ್ಣು ಹಾಯಿಸಿದರೆ ಕೆಳಗೆ ಬೂದು ಶಾರ್ಕ್‌ಗಳು. ಮೊದಲು ಐದಾರು, ಆಮೇಲೆ ಇಪ್ಪತ್ತು ಮೂವತ್ತು, ಆಮೇಲೆ ಎಣಿಕೆ ತಪ್ಪುತ್ತದೆ. ಒಂದೊಂದೂ ಮನುಷ್ಯನಷ್ಟು ಉದ್ದ, ಬಾಲದ ಹಿಂಬದಿಗೆ ಕಪ್ಪು ಅಂಚು. ಎಲ್ಲವೂ ಸೆಳೆತಕ್ಕೆ ಎದುರಾಗಿ ಮುಖ ಮಾಡಿ, ಸಾಲುಸಾಲಾಗಿ, ಬಾಲ ಆಡಿಸಿದರೂ ಆಡಿಸದಂತೆ ನಿಂತಿರುತ್ತವೆ. ತಲೆಯ ಮೇಲೆ ತೇಲಿಹೋಗುವ ಮನುಷ್ಯರನ್ನು ಅವು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಫ್ರೆಂಚ್ ಚಿತ್ರಕಾರ ಆನ್ರಿ ಮಾತೀಸ್ 1930ರಲ್ಲಿ, ತನ್ನ ಅರವತ್ತರ ವಯಸ್ಸಿನಲ್ಲಿ, ಇದೇ ಫಕರಾವಕ್ಕೆ ಬಂದು ಕನ್ನಡಕ ಕಟ್ಟಿಕೊಂಡು ನೀರಿನೊಳಗೆ ನೋಡಿದ್ದ. ಹದಿನಾರು ವರ್ಷದ ನಂತರ ಕಾಗದ ಕತ್ತರಿಸಿ ಅಂಟಿಸಿ ಆತ ಮಾಡಿದ ಪಾಲಿನೇಷ್ಯದ ಸಮುದ್ರದ ಚಿತ್ರದಲ್ಲಿ ನೀಲಿಯ ಮೇಲೆ ಬಿಳಿ ಜೀವಿಗಳು ತುಂಬಿಕೊಂಡಿವೆ. ಒಮ್ಮೆ ಕಂಡ ನೀರು ಅಷ್ಟು ವರ್ಷ ಕಣ್ಣಿನಲ್ಲಿ ಉಳಿಯಿತೆಂದರೆ ನನಗೆ ಆಶ್ಚರ್ಯವಿಲ್ಲ.

ನನ್ನನ್ನು ಹಿಡಿದಿಟ್ಟಿರುವುದು ಆ 700ರ ಹಿಂದಿರುವ ಊಟದ ಲೆಕ್ಕ.

ಜೋಹಾನ್ ಮೂರ್ಯೆ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಈ ಕಾಲುವೆಯ ಶಾರ್ಕ್‌ಗಳನ್ನು ಎಣಿಸಿ, ಅವುಗಳಿಗೆ ಬೇಕಾದ ಆಹಾರವೆಷ್ಟು ಎಂದು ಲೆಕ್ಕ ಹಾಕಿ 2016ರಲ್ಲಿ ಪ್ರಕಟಿಸಿದರು. ವರ್ಷಕ್ಕೆ 90 ಟನ್ ಮೀನು ಬೇಕು. ಕಾಲುವೆಯಲ್ಲಿ ವರ್ಷವಿಡೀ ಹುಟ್ಟಿ ಬೆಳೆಯುವ ಮೀನು 17 ಟನ್ ಮಾತ್ರ. ಅಂದರೆ 73 ಟನ್ ಕೊರತೆ. ಐದು ಜನ ಉಣ್ಣುವ ಮನೆಗೆ ಒಬ್ಬರಿಗೆ ಸಾಲುವಷ್ಟು ಅಕ್ಕಿಯೂ ಇಲ್ಲ, ಆದರೂ ಮನೆಮಂದಿಯೆಲ್ಲ ಮೈಕೈ ತುಂಬಿಕೊಂಡಿದ್ದಾರೆ ಎಂಬಂಥ ಲೆಕ್ಕ ಇದು.

ಇದೇ ಅಂಕಿಯನ್ನು ಇನ್ನೊಂದು ಕಡೆಯಿಂದ ನೋಡಿ. 90 ಟನ್ನನ್ನು 700 ಶಾರ್ಕ್‌ಗಳಿಗೆ ಹಂಚಿ, ಮತ್ತೆ 365 ದಿನಕ್ಕೆ ಹಂಚಿದರೆ ಒಂದಕ್ಕೆ ದಿನಕ್ಕೆ ಬರುವುದು ಸುಮಾರು 350 ಗ್ರಾಂ. ಸಮುದ್ರದ ರಾಕ್ಷಸ ಎಂದು ನಾವು ಹೆದರುವ ಪ್ರಾಣಿಗೆ ದಿನಕ್ಕೆ ಅರ್ಧ ಕಿಲೋ ಮೀನೂ ಬೇಡ! ಸಿನಿಮಾಗಳು ಕಲಿಸಿದ ಹಸಿವಿಗೂ ಈ 350 ಗ್ರಾಮಿಗೂ ಇರುವ ಅಂತರವನ್ನು ಎಷ್ಟು ಸಲ ಯೋಚಿಸಿದರೂ ನನಗೆ ಬೆರಗು ಕಡಿಮೆಯಾಗಿಲ್ಲ.

ನೆಲದ ಮೇಲೆ ಹುಲ್ಲು ಹೆಚ್ಚು, ಹುಲ್ಲು ತಿನ್ನುವ ಜಿಂಕೆ ಅದಕ್ಕಿಂತ ಕಡಿಮೆ, ಜಿಂಕೆ ತಿನ್ನುವ ಹುಲಿ ತೀರಾ ಕಡಿಮೆ. ಬುಡ ಅಗಲ, ತುದಿ ಚೂಪು. ಶಾಲೆಯ ಪುಸ್ತಕದ ಈ ಪಿರಮಿಡ್ ಫಕರಾವದ ದಕ್ಷಿಣ ಕಾಲುವೆಯಲ್ಲಿ ತಲೆಕೆಳಗಾಗಿದೆ. ಅಲ್ಲಿರುವ ಶಾರ್ಕ್‌ಗಳ ಒಟ್ಟು ತೂಕವು ಅವು ತಿನ್ನಬಹುದಾದ ಸ್ಥಳೀಯ ಮೀನುಗಳ ತೂಕವನ್ನೇ ಮೀರಿಸುತ್ತದೆ. ಜಿಂಕೆಗಳಿಗಿಂತ ಹುಲಿಗಳೇ ಹೆಚ್ಚು ತೂಗುವ ಕಾಡೊಂದು ಇದ್ದರೆ ಯಾರಾದರೂ ನಂಬಿಯಾರೇ? ಇಲ್ಲಿ ನಂಬಲೇಬೇಕು, ಎಣಿಸಿದ್ದಾರೆ.

ಕೊರತೆ ತುಂಬುವುದು ಹೊರಗಿನಿಂದ. ನಮ್ಮ ಕರಾವಳಿಯವರು ಮುರು ಮೀನು ಎಂದು ಕರೆಯುವ ಗ್ರೂಪರ್ ಬಳಗದ ಒಂದು ಜಾತಿ, ಮೈಯೆಲ್ಲ ಕಂದು ಮಚ್ಚೆಗಳಿದ್ದು ಬಂಡೆಯ ಬಣ್ಣಕ್ಕೆ ಬೆರೆತುಹೋಗುವಂಥದ್ದು, ವರ್ಷಕ್ಕೊಮ್ಮೆ ಜೂನ್-ಜುಲೈ ಹುಣ್ಣಿಮೆಯ ಹೊತ್ತಿಗೆ ಮೊಟ್ಟೆಯಿಡಲು ಈ ಕಾಲುವೆಗೆ ಬರುತ್ತದೆ. ಬರುವುದು ಹತ್ತಿಪ್ಪತ್ತಲ್ಲ, ಸುಮಾರು 17,000. ದ್ವೀಪದ ಸುತ್ತಲಿಂದ ಹತ್ತಾರು ಕಿ.ಮೀ. ಈಜಿ ಬಂದು, ವಾರಗಟ್ಟಲೆ ಕಾಲುವೆಯ ತಳದಲ್ಲಿ ಹಾಸಿದಂತೆ ಕೂತು, ಗಂಡುಗಳು ಒಂದನ್ನೊಂದು ಕಚ್ಚಾಡಿ ಜಾಗ ಕಾಯುತ್ತವೆ. ಶಾರ್ಕ್ ಒಂದಕ್ಕೆ ಇಪ್ಪತ್ತನಾಲ್ಕು ಗ್ರೂಪರ್ ಲೆಕ್ಕಕ್ಕೆ ಬರುತ್ತವೆ. ವರ್ಷದ ಬೇರೆ ತಿಂಗಳುಗಳಲ್ಲಿ ಬೇರೆ ಬೇರೆ ಜಾತಿಯ ಮೀನುಗಳೂ ಸರದಿಯಂತೆ ಇದೇ ಕಾಲುವೆಗೆ ಮೊಟ್ಟೆಯಿಡಲು ಬರುತ್ತವೆ. ಶಾರ್ಕ್‌ಗಳು ಊಟ ಹುಡುಕಿಕೊಂಡು ಊರೂರು ಅಲೆಯಬೇಕಿಲ್ಲ, ಊಟವೇ ನಡೆದು ಬರುತ್ತದೆ.

ಮೊಟ್ಟೆಯಿಡುವ ಕ್ಷಣವನ್ನು ಕಣ್ಣಾರೆ ಕಾಣಬೇಕೆಂದು ಲೋರಾಂ ಬಾಲೆಸ್ತಾ ಎಂಬ ಫ್ರೆಂಚ್ ಛಾಯಾಗ್ರಾಹಕ 2014ರಲ್ಲಿ ಈ ನೀರಿನಲ್ಲಿ ಸುಮಾರು 20 ಮೀಟರ್ ಆಳದಲ್ಲಿ ಸತತ 24 ಗಂಟೆ ಇದ್ದ. ಆತನ ತಂಡ ಮುಂದೆ ರಾತ್ರಿಯ ಬೇಟೆಯನ್ನೂ ಪಂಜರವಿಲ್ಲದೆ ನೀರಿನಲ್ಲೇ ಇದ್ದು ಚಿತ್ರಿಸಿತು. ಹಗಲಿನಲ್ಲಿ ಗ್ರೂಪರ್‌ನ ಪಕ್ಕದಲ್ಲೇ ಸುಮ್ಮನೆ ಹಾದುಹೋಗುವ ಶಾರ್ಕ್‌ಗಳು ಕತ್ತಲಾದ ಮೇಲೆ ಗುಂಪಾಗಿ ಹವಳದ ಸಂದುಗೊಂದುಗಳಿಗೆ ನುಗ್ಗುತ್ತವೆ. ಒಂದು ಎಬ್ಬಿಸಿದ ಮೀನು ಇನ್ನೊಂದರ ಬಾಯಿಗೆ ಬೀಳುತ್ತದೆ. ಅವುಗಳ ನಡುವೆಯೇ ಮನುಷ್ಯರು ಕ್ಯಾಮೆರಾ ಹಿಡಿದು ರಾತ್ರಿಗಳನ್ನು ಕಳೆದರು.

ಹಗಲಿನಲ್ಲಿ ಅವು ಸಾಲಾಗಿ ನಿಲ್ಲುವುದಕ್ಕೂ ಕಾರಣವಿದೆ. ಈ ಜಾತಿಯ ಶಾರ್ಕ್ ಈಜುತ್ತಲೇ ಇರಬೇಕು. ಮುಂದೆ ಸಾಗಿದರೆ ಮಾತ್ರ ಕಿವಿರುಗಳಲ್ಲಿ ನೀರು ಹರಿದು ಉಸಿರಾಟ ಸಾಧ್ಯ. ನಿದ್ದೆಗೂ ಬಿಡುವಿಲ್ಲದ ಈ ದುಡಿಮೆಯನ್ನು ಹಗುರ ಮಾಡಿಕೊಳ್ಳಲು ಅವು ಉಪಾಯ ಕಂಡುಕೊಂಡಿವೆ. ಉಬ್ಬರದ ನೀರು ಕಾಲುವೆಯ ಇಳಿಜಾರಿಗೆ ಬಡಿದು ಮೇಲಕ್ಕೇಳುವ ಕಡೆ ಶಾರ್ಕ್ ಮೈಚಾಚಿ ನಿಂತರೆ ನೀರೇ ಅದನ್ನು ಎತ್ತಿ ಹಿಡಿಯುತ್ತದೆ. ಹದ್ದು ಬಿಸಿಗಾಳಿಯಲ್ಲಿ ರೆಕ್ಕೆ ಬಡಿಯದೆ ತೇಲುವುದು ಇದೇ ತತ್ತ್ವದ ಮೇಲೆ. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯಾನಿಸ್ ಪಾಪಸ್ತಮಾಟಿಯು ಮತ್ತು ಸಂಗಡಿಗರು ಅಳೆದು ಹೇಳಿದಂತೆ, ಇದರಿಂದ ಶೇ. 10ರಿಂದ 15ರಷ್ಟು ಶಕ್ತಿ ಉಳಿಯುತ್ತದೆ. ಅದಕ್ಕಿಂತ ಚೆಂದ ಅವುಗಳ ಸರದಿ. ಸಾಲಿನ ಮುಂದಿನ ತುದಿ ತಲುಪಿದ ಶಾರ್ಕ್ ಮೈ ಸಡಿಲ ಬಿಟ್ಟು ಸೆಳೆತದೊಂದಿಗೆ ಹಿಂದಕ್ಕೆ ಬಂದು, ಸಾಲಿನ ಕೊನೆಯಲ್ಲಿ ಸೇರಿ, ಮತ್ತೆ ನಿಧಾನಕ್ಕೆ ಮುಂದೆ ಸಾಗುತ್ತದೆ. ನೂರಾರು ಶಾರ್ಕ್‌ಗಳು ತಳ್ಳಾಟವಿಲ್ಲದೆ ಈ ಸುತ್ತನ್ನು ನಡೆಸುತ್ತವೆ.

ಮೇಲೆ ತೇಲುವವರ ಇರವು ಅವಕ್ಕೆ ಗೊತ್ತಾಗದೇ ಇರುವುದಿಲ್ಲ. ಶಾರ್ಕಿನ ಮೂತಿಯ ಮೇಲೆ ಲೋಳೆ ತುಂಬಿದ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಇಟಲಿಯ ಸ್ಟೆಫಾನೋ ಲೊರೆಂಜಿನಿ 1678ರಲ್ಲೇ ಇವನ್ನು ವರ್ಣಿಸಿದ್ದ, ಕೆಲಸ ಏನೆಂದು ತಿಳಿಯಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಅವು ವಿದ್ಯುತ್ತನ್ನು ಗ್ರಹಿಸುತ್ತವೆ. ಪ್ರತಿ ಸೆಂಟಿಮೀಟರಿಗೆ ಒಂದು ವೋಲ್ಟಿನ ಶತಕೋಟಿಯಲ್ಲಿ ಐದು ಭಾಗದಷ್ಟು ವ್ಯತ್ಯಾಸವೂ ಶಾರ್ಕ್‌ಗಳಿಗೆ ತಿಳಿದದ್ದು ಪ್ರಯೋಗಗಳಲ್ಲಿ ಕಂಡಿದೆ. ಲೆಕ್ಕ ಬಿಡಿಸಿದರೆ ಹೀಗಾಗುತ್ತದೆ: ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲಿನ ಒಂದು ತಂತಿಯನ್ನು ಕನ್ಯಾಕುಮಾರಿಯಲ್ಲೂ ಇನ್ನೊಂದನ್ನು 3,000 ಕಿ.ಮೀ. ಆಚೆ ಲಡಾಖ್‌ನಲ್ಲೂ ಇಟ್ಟರೆ ನಡುವೆ ಉಂಟಾಗುವಷ್ಟು ಕ್ಷೀಣವಾದ ವಿದ್ಯುತ್ತು. ಹತ್ತಿರ ಬಂದ ಪ್ರಾಣಿಯ ಎದೆಬಡಿತದ, ಸ್ನಾಯುಗಳ ಮಿಡಿತದ ಸುಳಿವು ಹಿಡಿಯಲು ಇಷ್ಟು ಸೂಕ್ಷ್ಮ ಸಾಕು. ಮರಗಳು ಭೂಮಿಯ ಮೇಲೆ ಬರುವ ಮೊದಲೇ, 40 ಕೋಟಿ ವರ್ಷಗಳಿಗೂ ಹಿಂದೆ, ಸಮುದ್ರದಲ್ಲಿ ಶಾರ್ಕ್‌ಗಳ ಪೂರ್ವಜರಿದ್ದರು. ಡೈನೋಸಾರ್‌ಗಳನ್ನು ಅಳಿಸಿದ ಪ್ರಳಯವನ್ನೂ ಈ ವಂಶ ದಾಟಿ ಬಂತು.

ಈಗ ಹೆದರಿಕೆಯ ಲೆಕ್ಕ. ಶಾರ್ಕ್ ಕಡಿತಗಳ ಅಂತಾರಾಷ್ಟ್ರೀಯ ದಾಖಲೆಯನ್ನು ಫ್ಲಾರಿಡಾ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯ ಇಡುತ್ತದೆ. ಕೆಣಕದೆಯೇ ಶಾರ್ಕ್ ಕಚ್ಚಿದ ಪ್ರಕರಣಗಳು 2024ರಲ್ಲಿ ಇಡೀ ಜಗತ್ತಿನಲ್ಲಿ 47, ಅವುಗಳಲ್ಲಿ ಸತ್ತವರು 4. ಅದರ ಹಿಂದಿನ ವರ್ಷ ಕೆಟ್ಟದಾಗಿತ್ತು: 69 ಕಡಿತ, 10 ಸಾವು. ಆ ಹತ್ತು ಮನೆಗಳ ದುಃಖ ಸಣ್ಣದಲ್ಲ, ಕಾಡುಪ್ರಾಣಿ ಕಾಡುಪ್ರಾಣಿಯೇ. ಆದರೆ ಅದೇ ಜಗತ್ತಿನಲ್ಲಿ ಒಂದು ವರ್ಷಕ್ಕೆ ನೀರಿನಲ್ಲಿ ಮುಳುಗಿ ಸಾಯುವವರು ಸುಮಾರು ಮೂರು ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮಾಸ್ಕ್ ಹಾಕಿಕೊಂಡು ಸೆಳೆತಕ್ಕೆ ಇಳಿಯುವವರು ಭಯಪಡಬೇಕಾದದ್ದು ಮೊದಲು ಸೆಳೆತಕ್ಕೆ.

ಎದುರು ಬದಿಯ ಅಂಕಿ ಇನ್ನೂ ದೊಡ್ಡದು. ಮೀನುಗಾರಿಕೆಯಲ್ಲಿ ವರ್ಷಕ್ಕೆ ಸಾಯುವ ಶಾರ್ಕ್‌ಗಳ ಸಂಖ್ಯೆ ಕನಿಷ್ಠ 8 ಕೋಟಿ. 2012ರಲ್ಲಿ 7.6 ಕೋಟಿ ಇದ್ದದ್ದು ಆ ದಶಕ ಮುಗಿಯುವಷ್ಟರಲ್ಲಿ ಇಲ್ಲಿಗೆ ಏರಿತ್ತು ಎಂದು ಬೋರಿಸ್ ವರ್ಮ್ ಮತ್ತು ಸಂಗಡಿಗರು 2024ರಲ್ಲಿ ತೋರಿಸಿದ್ದಾರೆ. ರೆಕ್ಕೆ ಕತ್ತರಿಸಿ ಮೈಯನ್ನು ಸಮುದ್ರಕ್ಕೆ ಎಸೆಯುವುದನ್ನು ನಿಷೇಧಿಸುವ ಕಾನೂನುಗಳು ದೇಶದಿಂದ ದೇಶಕ್ಕೆ ಹೆಚ್ಚಿದ ಅವಧಿಯೂ ಅದೇ. ಹೆಚ್ಚು ಶಾರ್ಕ್ ಹಿಡಿಯುವ ದೇಶಗಳ ಪಟ್ಟಿಯಲ್ಲಿ ನಮ್ಮ ಭಾರತವೂ ಮೇಲಿನ ಸಾಲಿನಲ್ಲಿದೆ. ಎಂಟು ಕೋಟಿಯನ್ನು ಸೆಕೆಂಡುಗಳಿಗೆ ಹಂಚಿದರೆ ಸೆಕೆಂಡಿಗೆ ಎರಡೂವರೆ. ಈ ವೇಗದಲ್ಲಿ ಫಕರಾವದ ಏಳುನೂರು ಶಾರ್ಕ್‌ಗಳು ಮುಗಿಯಲು ಐದು ನಿಮಿಷವೂ ಬೇಡ. ಸ್ನಾರ್ಕೆಲಿಂಗ್‌ಗೆ ಬಂದವರು ದೋಣಿಯಲ್ಲಿ ಕೂತು ಫಿನ್ಸ್ ಹಾಕಿಕೊಂಡು ಮಾಸ್ಕ್ ಸರಿಮಾಡಿಕೊಳ್ಳುವ ಹೊತ್ತಿಗೆ ಜಗತ್ತಿನಲ್ಲಿ ಇನ್ನೊಂದು ಏಳುನೂರು ಸತ್ತಿರುತ್ತವೆ.

ಅವು ಮತ್ತೆ ತುಂಬಿಕೊಳ್ಳುವ ವೇಗವೂ ತೀರಾ ನಿಧಾನ. ಫಕರಾವದ ಬೂದು ಶಾರ್ಕ್ ಲಕ್ಷಗಟ್ಟಲೆ ಮೊಟ್ಟೆಯಿಡುವ ಮೀನಲ್ಲ, ಮರಿ ಹಾಕುತ್ತದೆ. ಹೆಚ್ಚುಕಡಿಮೆ ಒಂದು ವರ್ಷ ಹೊಟ್ಟೆಯಲ್ಲಿ ಹೊತ್ತು ಒಂದರಿಂದ ಆರು ಮರಿ. ಹಾಗಾಗಿ ಜನವಸತಿಗೆ ಹತ್ತಿರವಾದ ಹವಳದಿಬ್ಬಗಳಲ್ಲಿ ಏನಾಗಿದೆ ಎನ್ನುವುದು ಊಹಿಸಬಹುದಾದದ್ದೇ. ಪೆಸಿಫಿಕ್‌ನಲ್ಲಿ ಅಮೆರಿಕದ ಅಧೀನದ 46 ದ್ವೀಪಗಳ ಸುತ್ತ ನಡೆಸಿದ ಎಣಿಕೆಯ ಆಧಾರದ ಮೇಲೆ 2012ರಲ್ಲಿ ಬಂದ ಅಂದಾಜಿನ ಪ್ರಕಾರ, ಜನರಿರುವ ದ್ವೀಪಗಳ ಬಳಿ ಹವಳದಿಬ್ಬದ ಶಾರ್ಕ್‌ಗಳು ಶೇ. 90ಕ್ಕೂ ಹೆಚ್ಚು ಕಡಿಮೆಯಾಗಿವೆ. 58 ದೇಶ-ಪ್ರದೇಶಗಳ 371 ಹವಳದಿಬ್ಬಗಳಲ್ಲಿ ಕ್ಯಾಮೆರಾ ಇಳಿಸಿ ನೋಡಿದ ಇನ್ನೊಂದು ಸಮೀಕ್ಷೆ 2020ರಲ್ಲಿ ಬಂತು. ಕ್ಯಾಮೆರಾದ ಮುಂದೆ ಮೀನಿನ ಚೂರು ಕಟ್ಟಿ ಕರೆದರೂ ಹತ್ತಿರ ಹತ್ತಿರ ಐದರಲ್ಲೊಂದು ದಿಬ್ಬದಲ್ಲಿ ಒಂದೇ ಒಂದು ಶಾರ್ಕೂ ಬರಲಿಲ್ಲ. ಅಂಥ ನೀರಿನಲ್ಲಿ ಈಜಿ ಬಂದವರು "ಸದ್ಯ, ಶಾರ್ಕ್ ಸಿಗಲಿಲ್ಲ" ಎಂದು ಸಮಾಧಾನಪಡುತ್ತಾರೆ. ನನಗೆ ಎಲ್ಲಕ್ಕಿಂತ ಕಳವಳದ ಸಂಗತಿ ಆ ಸಮಾಧಾನ. ಖಾಲಿ ಸಮುದ್ರವೇ ಸಹಜ ಎಂದು ನಮಗೆ ಅಭ್ಯಾಸವಾಗಿಬಿಟ್ಟಿದೆ, ತುಂಬಿದ ಕಾಲುವೆಯೊಂದು ಕಂಡರೆ ಅದನ್ನು ವಿಚಿತ್ರ ಎನ್ನುತ್ತೇವೆ.

ಫ್ರೆಂಚ್ ಪಾಲಿನೇಷ್ಯ 2006ರಲ್ಲಿ ಶಾರ್ಕ್ ಹಿಡಿಯುವುದನ್ನು ನಿಷೇಧಿಸಿತು, ಆಗ ಬಿಟ್ಟಿದ್ದ ಮಾಕೋ ಜಾತಿಯನ್ನು 2012ರಲ್ಲಿ ಸೇರಿಸಿತು. ಅದರ ಸಮುದ್ರ 50 ಲಕ್ಷ ಚದರ ಕಿ.ಮೀ.ಗೆ ಹತ್ತಿರ, ಭಾರತದ ಒಟ್ಟು ನೆಲ ಸುಮಾರು 33 ಲಕ್ಷ. ಅಷ್ಟು ದೊಡ್ಡ ನೀರಿನಲ್ಲಿ ಶಾರ್ಕಿಗೆ ಗಾಳ ಹಾಕುವಂತಿಲ್ಲ. ಇದು ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಮೂರ್ಯೆಯವರ ಲೆಕ್ಕಕ್ಕೆ ವಾಪಸು ಹೋದರೆ, 73 ಟನ್ ಮೀನನ್ನು ಶಾರ್ಕಿನ ಕಾನೂನು ತಂದುಕೊಡುವುದಿಲ್ಲ. ಅದನ್ನು ತರುವುದು ಹುಣ್ಣಿಮೆಗೆ ಈಜಿ ಬರುವ ಗ್ರೂಪರ್‌ಗಳು ಮತ್ತು ಸರದಿಯಲ್ಲಿ ಬರುವ ಉಳಿದ ಜಾತಿಗಳು. ಮೊಟ್ಟೆಯಿಡಲು ಒಂದೇ ಕಡೆ, ಒಂದೇ ಹೊತ್ತಿಗೆ ಸೇರುವ ಮೀನನ್ನು ಹಿಡಿಯುವುದು ಸುಲಭ. ದಿನ ಗೊತ್ತು, ಜಾಗ ಗೊತ್ತು. ಜಗತ್ತಿನ ಎಷ್ಟೋ ಕಡೆ ಇಂಥ ಜಾತ್ರೆಗಳನ್ನು ಬಲೆ ಹಾಕಿ ಕೆಲವೇ ವರ್ಷಗಳಲ್ಲಿ ಮುಗಿಸಿದ್ದಾರೆ. ಒಂದು ಶಾರ್ಕಿನ ಮೈಯನ್ನೂ ಮುಟ್ಟದೆ, ಯಾವ ಶಾರ್ಕ್ ಕಾನೂನನ್ನೂ ಮುರಿಯದೆ, ಜೂನ್ ತಿಂಗಳಲ್ಲಿ ಕಾಲುವೆಯ ಬಾಯಿಗೆ ಬಲೆ ಹಾಕಿದರೆ ಸಾಕು, ಆ ಏಳುನೂರಕ್ಕೆ ಉಳಿಯುವುದು ಕಾಲುವೆಯೇ ಬೆಳೆಸುವ 17 ಟನ್ ಮತ್ತು ಬೇರೆ ತಿಂಗಳುಗಳಲ್ಲಿ ಬಂದಷ್ಟು ಮೀನು.