ಮನೆ ನಿರ್ಮಾಣದಲ್ಲಿ ವೆಚ್ಚ, ಸುರಕ್ಷತೆ ಹಾಗೂ ಗುಣಮಟ್ಟ: ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಹಾಗೂ ಸೊರಬ ತಾಲ್ಲೂಕುಗಳಲ್ಲಿ ಮುಂಗಾರಿಗೆ ಮುನ್ನವೇ ಮನೆಯ ತಾರಸಿ ಮುಗಿಸುವ ಆತುರ ಸಹಜ. ಸೆಂಟ್ರಿಂಗ್ ಬೇಗ ಬಿಚ್ಚಿದಲ್ಲಿ ಬಾಡಿಗೆ ಉಳಿಯುವುದೆಂಬ ಭಾವನೆಯೂ ಇದೆ. ಆದರೆ ಕಾಂಕ್ರೀಟ್ ಬಲಗೊಳ್ಳುವ ಮೊದಲು ಆಧಾರ ತೆಗೆದಲ್ಲಿ ತಾರಸಿ ಬಾಗುವ, ಬಿರುಕು ಬಿಡುವ ಅಥವಾ ಕುಸಿದು ಪ್ರಾಣಹಾನಿಯಾಗುವ ಸಂಭವವಿರುತ್ತದೆ.

ಭಾರತೀಯ ಮಾನಕ ಐ.ಎಸ್. 456:2000ರಲ್ಲಿ ಸೂಚಿಸಿರುವ ಕನಿಷ್ಠ ಅವಧಿಗಳು ಈ ಕೆಳಗಿನಂತಿವೆ.

1. ಆಧಾರ ಕಂಬಗಳು: ಓ.ಪಿ.ಸಿ. ಸಿಮೆಂಟ್ ಬಳಸಿದಾಗ, 4.5 ಮೀಟರ್‌ವರೆಗಿನ ಅಂತರದ ತಾರಸಿಗೆ 7 ದಿನ, ಅದಕ್ಕೂ ಹೆಚ್ಚಿನ ಅಂತರಕ್ಕೆ 14 ದಿನ. 6 ಮೀಟರ್‌ವರೆಗಿನ ತೊಲೆಗೆ 14 ದಿನ, ಅದಕ್ಕೂ ಹೆಚ್ಚಿನದಕ್ಕೆ 21 ದಿನ. ಪಿ.ಪಿ.ಸಿ. ಸಿಮೆಂಟ್ ನಿಧಾನವಾಗಿ ಬಲಗೊಳ್ಳುವುದರಿಂದ ಅವಧಿಯನ್ನು ಎಂಜಿನಿಯರರ ಸಲಹೆಯಂತೆ ಹೆಚ್ಚಿಸತಕ್ಕದ್ದು.

2. ಕ್ಯೂರಿಂಗ್: ಓ.ಪಿ.ಸಿ.ಗೆ 7 ದಿನ, ಪಿ.ಪಿ.ಸಿ.ಗೆ 10 ದಿನ. ಬೇಸಿಗೆಯ ಒಣ ಹವೆಯಲ್ಲಿ ಕ್ರಮವಾಗಿ 10 ಮತ್ತು 14 ದಿನ.

ಮಿಶ್ರಣ ಸಡಿಲವಾಗಲೆಂದು ಹೆಚ್ಚುವರಿ ನೀರು ಸೇರಿಸುವುದರಿಂದಲೂ ಬಲ ಕುಂದುತ್ತದೆ. ಎಂ-20 ಸಾಧಾರಣ ಮಿಶ್ರಣದಲ್ಲಿ 50 ಕಿಲೋ ಸಿಮೆಂಟಿಗೆ ನೀರು 30 ಲೀಟರ್ ಮೀರಬಾರದು.

ಆದ್ದರಿಂದ ಮನೆ ಮಾಲೀಕರು ಸೆಂಟ್ರಿಂಗ್‌ನ ಪೂರ್ಣ ಅವಧಿಯ ಬಾಡಿಗೆಯನ್ನು ಅಂದಾಜು ಪಟ್ಟಿಯಲ್ಲಿಯೇ ಸೇರಿಸಿ, ಬಿಚ್ಚುವ ದಿನವನ್ನು ಗುತ್ತಿಗೆದಾರರೊಂದಿಗಿನ ಕರಾರಿನಲ್ಲಿ ನಮೂದಿಸುವುದು ಸೂಕ್ತ. ಕುಸಿದ ತಾರಸಿಯನ್ನು ಮತ್ತೆ ಕಟ್ಟುವ ವೆಚ್ಚದ ಮುಂದೆ ಕೆಲವು ದಿನಗಳ ಬಾಡಿಗೆ ಅಲ್ಪವೇ ಸರಿ.

ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಕಾರ್ಮಿಕರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ಅರ್ಹರಾಗಿರುತ್ತಾರೆ. ಕೆಲಸಕ್ಕೆ ಬರುವವರು ನೋಂದಾಯಿತರೇ ಎಂಬುದನ್ನು ಮಾಲೀಕರು ಮೊದಲೇ ವಿಚಾರಿಸುವುದು ಒಳಿತು.