ಒಂದು ಬೇಸಿಗೆಯ ಭುಜ

ಮಾರ್ಕ್ ಫಿಡ್ರಿಚ್ ಎಸೆಯುವ ಮುನ್ನ ಚೆಂಡಿನ ಜೊತೆ ಮಾತಾಡುತ್ತಿದ್ದ. ತಾನು ನಿಲ್ಲುವ ಮಣ್ಣಿನ ದಿಬ್ಬದ ಮೇಲೆ ಮೊಣಕಾಲೂರಿ, ಬೂಟುಗಳು ಅಗೆದ ಕುಳಿಗಳನ್ನು ಕೈಯಿಂದಲೇ ಸವರಿ ಸಮ ಮಾಡುತ್ತಿದ್ದ. ಎದುರಾಳಿ ಚೆನ್ನಾಗಿ ಬಾರಿಸಿದ ಚೆಂಡನ್ನು ಅಂಪೈರ್ ಕೈಗೆ ಕೊಟ್ಟು ಬೇರೆಯದನ್ನು ಕೇಳುತ್ತಿದ್ದ. ಗುಂಗುರು ಕೂದಲಿನ ಈ ಹುಡುಗನಿಗೆ, ಮಕ್ಕಳ ಟಿ.ವಿ. ಕಾರ್ಯಕ್ರಮವೊಂದರ ದೊಡ್ಡ ಹಳದಿ ಹಕ್ಕಿಯ ನೆನಪಿನಲ್ಲಿ, ‘ಬರ್ಡ್’ ಎಂದು ಹೆಸರು ಬಿದ್ದಿತ್ತು. 1976ರ ಬೇಸಿಗೆಯಲ್ಲಿ ಡೆಟ್ರಾಯಿಟ್ ಟೈಗರ್ಸ್ ತಂಡಕ್ಕೆ ಆತ ಎಸೆಯುವ ದಿನವೆಂದರೆ ಊರಿಗೆ ಊರೇ ಮೈದಾನಕ್ಕೆ ಬರುತ್ತಿತ್ತು. ಆಗ ಆತನಿಗೆ 21 ವರ್ಷ.

ಬೇಸ್‌ಬಾಲ್‌ನ ಪಿಚರ್ ನಮ್ಮ ಬೌಲರ್‌ನಂತೆ ಓಡಿಬರುವುದಿಲ್ಲ. ಆರು ಎಸೆತವಾದ ಮೇಲೆ ಇನ್ನೊಬ್ಬನಿಗೆ ಚೆಂಡು ಕೊಡುವುದೂ ಇಲ್ಲ. ನಿಂತಲ್ಲಿಂದಲೇ 18.44 ಮೀಟರ್ ದೂರಕ್ಕೆ ಎಸೆಯಬೇಕು. ಮೂವರನ್ನು ಔಟ್ ಮಾಡಿದರೆ ಒಂದು ಇನ್ನಿಂಗ್ಸ್. ಆ ವರ್ಷ ಫಿಡ್ರಿಚ್ ಆರಂಭಿಸಿದ 29 ಪಂದ್ಯಗಳಲ್ಲಿ 24ನ್ನು ಕೊನೆಯವರೆಗೂ ಒಬ್ಬನೇ ಎಸೆದು ಮುಗಿಸಿದ. 19 ಗೆಲುವು, 9 ಸೋಲು. ಒಂಬತ್ತು ಇನ್ನಿಂಗ್ಸಿಗೆ ಬಿಟ್ಟುಕೊಟ್ಟದ್ದು ಸರಾಸರಿ 2.34 ರನ್, ಅಮೆರಿಕನ್ ಲೀಗಿನಲ್ಲಿ ಅದಕ್ಕಿಂತ ಕಡಿಮೆ ಯಾರದೂ ಇರಲಿಲ್ಲ. ಒಟ್ಟು 250 ಇನ್ನಿಂಗ್ಸ್. ಈ ಕೊನೆಯ ಸಂಖ್ಯೆ ನೆನಪಿರಲಿ.

ಮರುವರ್ಷ ಅಭ್ಯಾಸ ಶಿಬಿರದಲ್ಲಿ ಚೆಂಡು ಹಿಡಿಯುತ್ತ ಹುಡುಗಾಟವಾಡುವಾಗ ಮೊಣಕಾಲಿನ ಮೃದ್ವಸ್ಥಿ ಹರಿಯಿತು. ಶಸ್ತ್ರಚಿಕಿತ್ಸೆ ಮುಗಿಸಿ ಮೇ ಕೊನೆಗೆ ಮರಳಿದ, ಚೆನ್ನಾಗಿಯೇ ಎಸೆದ. ಜುಲೈ ಮೊದಲ ವಾರ ಬಾಲ್ಟಿಮೋರ್ ತಂಡದ ಎದುರು ಆಡುವಾಗ ಇದ್ದಕ್ಕಿದ್ದಂತೆ ತೋಳು ಸತ್ತುಹೋದ ಹಾಗಾಯಿತು.

ಏನಾಯಿತೆಂದು ತಿಳಿಯಲು ಭುಜದೊಳಗೆ ಇಣುಕಬೇಕು. ಸೊಂಟದಲ್ಲಿ ತೊಡೆಮೂಳೆಯ ಗುಂಡು ಆಳವಾದ ಗುಳಿಯೊಳಗೆ ಭದ್ರವಾಗಿ ಕೂತಿರುತ್ತದೆ. ಭುಜ ಎಲ್ಲ ಕಡೆಗೂ ತಿರುಗಬೇಕು, ಹಾಗಾಗಿ ಅಲ್ಲಿ ಅಂಥ ಗುಳಿಯಿಲ್ಲ. ಶಾಲೆಯಲ್ಲಿ ಚಮಚದ ಮೇಲೆ ನಿಂಬೆಹಣ್ಣಿಟ್ಟುಕೊಂಡು ಓಡುತ್ತಿದ್ದೆವಲ್ಲ, ತೋಳಿನ ಮೂಳೆಯ ತಲೆ ಹೆಗಲೆಲುಬಿನ ಮೇಲೆ ಕೂತಿರುವುದು ಹೆಚ್ಚುಕಡಿಮೆ ಹಾಗೆಯೇ. ಅದು ಜಾರದಂತೆ ಅವುಚಿ ಹಿಡಿದಿರುವುದು ನಾಲ್ಕು ಪುಟ್ಟ ಸ್ನಾಯುಗಳು ಮತ್ತು ಅವುಗಳ ಸ್ನಾಯುರಜ್ಜುಗಳು. ಅಂಗಿಯ ತೋಳಿನ ಪಟ್ಟಿಯಂತೆ ಮೂಳೆಯನ್ನು ಬಳಸಿರುವ ಇವಕ್ಕೆ ವೈದ್ಯರು ಕೊಟ್ಟ ಹೆಸರು ರೊಟೇಟರ್ ಕಫ್.

ವೃತ್ತಿಪರ ಪಿಚರ್‌ನ ತೋಳು ಎಸೆಯುವ ಕ್ಷಣದಲ್ಲಿ ಸೆಕೆಂಡಿಗೆ ಸುಮಾರು 7,000 ಡಿಗ್ರಿ ವೇಗದಲ್ಲಿ ತಿರುಗುತ್ತದೆ. ಅದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಸೆಕೆಂಡಿಗೆ 19 ಸುತ್ತು! ಮನುಷ್ಯ ಶರೀರದ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು. ಎಸೆಯುವುದಕ್ಕಿಂತ ಕಷ್ಟದ ಕೆಲಸ ಆ ತೋಳನ್ನು ತಡೆಯುವುದು. ಚೆಂಡು ಕೈಬಿಟ್ಟ ಮೇಲೂ ತೋಳು ಅದರ ಹಿಂದೆಯೇ ಹಾರಲು ಹವಣಿಸುತ್ತದೆ. ಕೀಲಿನಿಂದ ಅದನ್ನು ಸೆಳೆಯುವ ಬಲ ಆಟಗಾರನ ಮೈತೂಕವನ್ನೂ ಮೀರಬಲ್ಲದು. ಆಗ ಬ್ರೇಕ್ ಹಾಕುವುದರಲ್ಲಿ ಈ ಪುಟ್ಟ ಸ್ನಾಯುಗಳ ಪಾಲು ದೊಡ್ಡದು. ಬಾವಿಯ ಹಗ್ಗ ಎಳೆ ಎಳೆಯಾಗಿ ಸವೆಯುವಂತೆ ರಜ್ಜು ಸವೆಯುತ್ತದೆ. ಅದಕ್ಕೆ ರಕ್ತದ ಪೂರೈಕೆ ಕಡಿಮೆ, ಮಾಯುವುದು ನಿಧಾನ. 250 ಇನ್ನಿಂಗ್ಸ್ ಎಂದರೆ ಇನ್ನೂ ಬಲಿಯುತ್ತಿದ್ದ ಹುಡುಗನೊಬ್ಬ ಆ ಬ್ರೇಕನ್ನು ಒಂದೇ ವರ್ಷದಲ್ಲಿ ಸಾವಿರಾರು ಸಲ ಒತ್ತಿದ್ದ.

ಮೊಣಕಾಲನ್ನೂ ಮರೆಯುವಂತಿಲ್ಲ. ಎಸೆತದ ಬಲ ಹುಟ್ಟುವುದು ಕಾಲಿನಲ್ಲಿ. ಅಲ್ಲಿಂದ ಸೊಂಟ, ಮುಂಡ, ಭುಜ ದಾಟಿ ಬೆರಳಿಗೆ ಬರುತ್ತದೆ. ಕಾಲು ತನ್ನ ಪಾಲು ಕೊಡದಿದ್ದರೆ ಆ ಹೊರೆ ಭುಜದ ಮೇಲೆ ಬೀಳುತ್ತದೆ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಕೆಲವೇ ತಿಂಗಳಲ್ಲಿ ಭುಜ ಸೋತದ್ದು ಬರೀ ಕಾಕತಾಳೀಯವೆಂದು ನಾನು ನಂಬಲಾರೆ.

ಎಕ್ಸ್-ರೇ ತೋರಿಸುವುದು ಮೂಳೆಯನ್ನು. ಹರಿದ ರಜ್ಜು ಅದರಲ್ಲಿ ಕಾಣುವುದಿಲ್ಲ. ಮೃದು ಭಾಗಗಳನ್ನು ಕಾಣಿಸಬಲ್ಲ ಎಂಆರ್‌ಐ ಯಂತ್ರ ಮನುಷ್ಯನ ಮುಂಡವನ್ನು ಮೊದಲ ಬಾರಿಗೆ ಚಿತ್ರಿಸಿದ್ದು 1977ರ ಜುಲೈ 3ರಂದು, ನ್ಯೂಯಾರ್ಕಿನಲ್ಲಿ. ಒಂದು ಚಿತ್ರಕ್ಕೆ ಸುಮಾರು ಐದು ಗಂಟೆ ಹಿಡಿಯಿತು. ಫಿಡ್ರಿಚ್‌ನ ತೋಳು ಸೋತದ್ದೂ ಅದೇ ದಿನಗಳಲ್ಲಿ. ಆತನಿಗೆ ಬೇಕಾಗಿದ್ದ ಕಣ್ಣು ಆಗಷ್ಟೇ ತೆರೆಯುತ್ತಿತ್ತು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಮುಂದಿನ ಮೂರು ವರ್ಷಗಳಲ್ಲಿ ಆತ ಆಡಿದ್ದು ಒಟ್ಟು 16 ಪಂದ್ಯ. 1980ಕ್ಕೆ ಮೇಜರ್ ಲೀಗ್ ಮುಗಿಯಿತು, 1983ಕ್ಕೆ ಆಟವನ್ನೇ ಬಿಟ್ಟ. ಶಸ್ತ್ರವೈದ್ಯ ಜೇಮ್ಸ್ ಆಂಡ್ರ್ಯೂಸ್ ರೊಟೇಟರ್ ಕಫ್ ಹರಿದಿರುವುದನ್ನು ಪತ್ತೆಹಚ್ಚಿದ್ದು 1985ರಲ್ಲಿ. ಅಷ್ಟು ಕಾಲ ಹರಿದ ಭುಜದಲ್ಲೇ ಆತ ಎಸೆಯಲು ಹೆಣಗಿದ್ದ. ಕೊನೆಗೆ ಮ್ಯಾಸಚೂಸೆಟ್ಸ್‌ನ ತನ್ನೂರಿನ ಕಡೆ ಹೊಲ ನೋಡಿಕೊಂಡು, ಹತ್ತು ಚಕ್ರದ ಲಾರಿ ಓಡಿಸಿಕೊಂಡಿದ್ದ. 2009ರಲ್ಲಿ ಆ ಲಾರಿಯಡಿ ಕೆಲಸ ಮಾಡುತ್ತಿದ್ದಾಗಲೇ ತೀರಿಕೊಂಡ.

ನಮ್ಮ ಜಾವಗಲ್ ಶ್ರೀನಾಥ್ ಅವರಿಗೂ 1997ರಲ್ಲಿ ಇದೇ ರೊಟೇಟರ್ ಕಫ್‌ಗೆ ಪೆಟ್ಟಾಗಿ ವೆಸ್ಟ್ ಇಂಡೀಸ್ ಪ್ರವಾಸ ಕೈತಪ್ಪಿತು. ಗಾಯ ಏನೆಂದು ತಿಳಿಯಿತು, ಚಿಕಿತ್ಸೆಯಾಯಿತು, ತಿಂಗಳುಗಟ್ಟಲೆ ಬಿಡುವು ಸಿಕ್ಕಿತು. ಅದೇ ಭುಜದಿಂದ 1999ರ ಕೋಲ್ಕತ್ತ ಟೆಸ್ಟ್‌ನಲ್ಲಿ ಅವರು ಪಾಕಿಸ್ತಾನದ 13 ವಿಕೆಟ್ ಕಿತ್ತರು.

ನಿಮ್ಮ ಮನೆಯಲ್ಲಿ ಬೌಲಿಂಗ್ ಕಲಿಯುತ್ತಿರುವ ಮಗುವಿದ್ದರೆ, ಭುಜ ನೋಯುತ್ತದೆ ಎಂದ ದಿನ ಇನ್ನೊಂದು ಓವರ್ ಹಾಕಿಸಬೇಡಿ. ಅಂದಿನ ಆಟ ನಿಲ್ಲಿಸಿ, ನೋವು ಉಳಿದರೆ ಮೂಳೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.