ಕಣಜ ಬರಿದಾದಾಗ

ಮಲೆನಾಡಿನಲ್ಲಿ ಕೃಷಿ ಮಾಡಿಕೊಂಡಿರುವ ನನ್ನ ತಮ್ಮನ ಬಳಿ ಹಳೆಯದೊಂದು ಡೀಸೆಲ್ ಪಿಕಪ್ ವಾಹನವಿದೆ. ಮಳೆಗಾಲದ ಒಂದು ಇರುಳು ಅಡಕೆ ಹೇರಿಕೊಂಡು ಘಟ್ಟವಿಳಿಯುವಾಗ ಅದರ ಹೆಡ್‌ಲೈಟುಗಳು ಮೆಲ್ಲಮೆಲ್ಲನೆ ಮಂಕಾಗಿ, ತಿರುವಿನಲ್ಲಿ ದಾರಿಯೇ ಕಾಣದಾಯಿತು. ಎಂಜಿನ್ ಮಾತ್ರ ಎಂದಿನಂತೆ ಓಡುತ್ತಿತ್ತು! ಮುಂದೆ ಸಾಗುತ್ತಿದ್ದ ಲಾರಿಯೊಂದರ ಹಿಂದೀಪಗಳನ್ನು ನಂಬಿ ಕೆಳಗಿಳಿದೆವು. ಆ ಒಂದೇ ವರ್ಷದಲ್ಲಿ ಅವನು ಎರಡು ಹೊಸ ಬ್ಯಾಟರಿಗಳನ್ನು ಕೊಂಡಿದ್ದನು.

ಬ್ಯಾಟರಿಯೆಂಬುದು ಕಣಜ, ಬೆಳೆಯುವ ಹೊಲ ಆಲ್ಟರ್ನೇಟರ್. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ತ್ವದಂತೆ, ಎಂಜಿನ್ನಿನ ಬೆಲ್ಟು ತಿರುಗಿಸುವ ಕಾಂತವು ಸುತ್ತಲಿನ ತಂತಿಸುರುಳಿಗಳಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ, ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ಹರಿಸುತ್ತವೆ, ರೆಗ್ಯುಲೇಟರು ಮಿತಿಯಲ್ಲಿಡುತ್ತದೆ. ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಹಲವು, ಒಮ್ಮೆ ಚಾಲೂ ಆದ ಮೇಲೆ, ಓಡುವುದಕ್ಕೆ ವಿದ್ಯುತ್ತನ್ನು ಬೇಡುವುದಿಲ್ಲ. ಹೊಸ ಬ್ಯಾಟರಿಯಾದರೋ ತುಂಬಿಯೇ ಬಂದಿರುತ್ತದೆ. ಹೀಗಾಗಿ ರೋಗವು ಕೆಲಕಾಲ ಅಡಗಿ ಕುಳಿತಿರುತ್ತದೆ.

ಪರೀಕ್ಷೆಗೆ ಬೇಕಾದುದು ಒಂದು ಮಲ್ಟಿಮೀಟರು ಮತ್ತು ತಾಳ್ಮೆ. ಬೆಲ್ಟು ಸಡಿಲವಾಗಿದೆಯೇ, ಬ್ಯಾಟರಿಯ ಟರ್ಮಿನಲ್ಲುಗಳಿಗೆ ಕಿಲುಬು ಕಟ್ಟಿದೆಯೇ ಎಂದು ಮೊದಲು ನೋಡಬೇಕು. ತುಂಬಿದ ಬ್ಯಾಟರಿ, ರಾತ್ರಿಯೆಲ್ಲ ವಿಶ್ರಮಿಸಿದ ಬಳಿಕ, ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಚಾಲೂ ಮಾಡಿ ವೇಗವನ್ನು ತುಸು ಏರಿಸಿದಾಗ ಅದು 13.8ರಿಂದ 14.5ರ ನಡುವೆ ನಿಲ್ಲಬೇಕು. ಏರದೆ ಇಳಿಯತೊಡಗಿದರೆ ಹೊಲ ಬೆಳೆಯುತ್ತಿಲ್ಲ. 15ನ್ನು ಮೀರಿದರೆ ರೆಗ್ಯುಲೇಟರು ಕಡಿವಾಣ ಬಿಟ್ಟಿದೆ. ಆಲ್ಟರ್ನೇಟರಿನ ಬಳಿ 14 ಇದ್ದು ಬ್ಯಾಟರಿಯಲ್ಲಿ 13 ಮಾತ್ರ ಇದ್ದರೆ ಫಸಲು ದಾರಿಯಲ್ಲಿ ಸೋರುತ್ತಿದೆ: ನಡುವಿನ ತಂತಿಯೋ ಅರ್ತ್ ಜೋಡಣೆಯೋ ಕೆಟ್ಟಿದೆ.

ಒಂದು ಎಚ್ಚರಿಕೆ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿ ಕಳಚಿ ನೋಡುವುದು ಡೈನಮೊ ಕಾಲದ ರೂಢಿ. ಆಲ್ಟರ್ನೇಟರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜು ಥಟ್ಟನೆ ಚಿಮ್ಮಿ ಡಯೋಡುಗಳು ಸುಟ್ಟುಹೋಗಬಹುದು.

ನಮ್ಮ ವಾಹನವನ್ನು ಕೊನೆಗೆ ನೋಡಿದವರು ಪೇಟೆಯ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್. ಅವರು ಕೀಲಿಯನ್ನು ಅರ್ಧ ತಿರುಗಿಸಿ, “ಕೆಂಪು ದೀಪ ಹತ್ತಲಿಲ್ಲ, ನೋಡಿದಿರಾ ಮೇಷ್ಟ್ರೇ?” ಎಂದರು. ಚಾರ್ಜಿಂಗ್ ಸೂಚಿಸುವ ಆ ಪುಟ್ಟ ಬಲ್ಬು ಬರಿಯ ಸೂಚಕವೆಂದೇ ನಾನು ತಿಳಿದಿದ್ದೆ. ಹಲವು ಹಳೆಯ ವಾಹನಗಳಲ್ಲಿ, ಅದರ ಮೂಲಕ ಹರಿಯುವ ಅಲ್ಪ ವಿದ್ಯುತ್ತೇ ಆಲ್ಟರ್ನೇಟರಿನ ರೋಟರನ್ನು ಮೊದಲಿಗೆ ಕಾಂತವಾಗಿಸುತ್ತದೆಯಂತೆ. ನಮ್ಮ ಬಲ್ಬು ಸುಟ್ಟಿತ್ತು. ವೇಗ ಹೆಚ್ಚಿದಾಗ, ಕಬ್ಬಿಣದಲ್ಲಿ ಉಳಿದಿದ್ದ ಕಾಂತತೆಯ ಬಲದಿಂದ ಆಲ್ಟರ್ನೇಟರು ಒಮ್ಮೊಮ್ಮೆ ತಾನೇ ಎಚ್ಚರಗೊಳ್ಳುತ್ತಿತ್ತು. ಘಟ್ಟದ ನಿಧಾನಗತಿಯಲ್ಲಿ ಮಲಗಿಯೇ ಇರುತ್ತಿತ್ತು.

ಹೊಸ ಬಲ್ಬು ಹಾಕಿದೊಡನೆ ಮೀಟರಿನ ಅಂಕಿ 14ನ್ನು ದಾಟಿತು. ಬೀಜವೇ ಬೀಳದ ಹೊಲ ಬೆಳೆಯುವುದೆಂತು? ನಾವು ವರ್ಷವಿಡೀ ಕಣಜವನ್ನು ಬದಲಿಸುತ್ತ ಕುಳಿತಿದ್ದೆವು.